ಕೇಳುಗರು ಹೆಚ್ಚಿದಷ್ಟೂ ಖರ್ಚು: ಹವ್ಯಾಸಿ ಬಾನುಲಿಯೊಂದರ ಲೆಕ್ಕಾಚಾರ

ಗಿರಾಕಿಗಳು ಹೆಚ್ಚಿದಷ್ಟೂ ಲಾಭ ಹೆಚ್ಚುವುದು ವ್ಯಾಪಾರದ ಸಾಮಾನ್ಯ ನಿಯಮ. ಬಂದ ಪ್ರತಿಯೊಬ್ಬ ಗಿರಾಕಿಯೂ ಖರ್ಚನ್ನು ತಂದೇ ತರುತ್ತಾನೆ, ಹಣ ಕೊಡುವುದು ಮಾತ್ರ ಆತನ ಇಚ್ಛೆಗೆ ಬಿಟ್ಟದ್ದು ಎಂದಾದರೆ ಅಂಥ ಸಂಸ್ಥೆ ಎಷ್ಟು ದಿನ ಬಾಳೀತು? ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ 'ಸೋಮಾ ಎಫ್‌ಎಂ' ಎಂಬ ಅಂತರಜಾಲ ಬಾನುಲಿ ಕೇಂದ್ರವು ಇಪ್ಪತ್ತೈದು ವರ್ಷಗಳಿಗೂ ಮೀರಿ ಬಾಳಿದೆ. ಅದರ ಕಥೆ ಸಂಗೀತಪ್ರಿಯರಿಗಷ್ಟೇ ಅಲ್ಲ, ಸಣ್ಣ ಉದ್ಯಮಿಗಳಿಗೂ ಬೋಧಪ್ರದವಾಗಿದೆ.

ಹವ್ಯಾಸದಿಂದ ಆರಂಭ

1999ರಲ್ಲಿ ನೆವಾಡಾ ಮರುಭೂಮಿಯ 'ಬರ್ನಿಂಗ್ ಮ್ಯಾನ್' ಉತ್ಸವದಲ್ಲಿ ರಸ್ಟಿ ಹಾಡ್ಜ್ ಎಂಬವರು ಅಲ್ಪ ಸಾಮರ್ಥ್ಯದ ಯಂತ್ರವೊಂದರಿಂದ ತಮ್ಮ ಮೆಚ್ಚಿನ ಸಂಗೀತವನ್ನು ಪ್ರಸಾರ ಮಾಡಿದರು. ಕೇಳಿದವರ ಮೆಚ್ಚುಗೆಯಿಂದ ಉತ್ತೇಜಿತರಾಗಿ 2000ದ ಫೆಬ್ರವರಿಯಲ್ಲಿ ಅದನ್ನೇ ಅಂತರಜಾಲಕ್ಕೆ ತಂದರು. ಇಲ್ಲಿ ಜಾಹೀರಾತಿಲ್ಲ, ಕೇಳಲು ಶುಲ್ಕವಿಲ್ಲ. ಕೇಳುಗರ ದೇಣಿಗೆಯೇ ಆದಾಯದ ಆಧಾರ.

ಸಾಂಪ್ರದಾಯಿಕ ಬಾನುಲಿಗೆ ಗೋಪುರದ ಖರ್ಚು ಸ್ಥಿರವಾದುದು. ಹತ್ತು ಮಂದಿ ಕೇಳಲಿ, ಹತ್ತು ಲಕ್ಷ ಮಂದಿ ಕೇಳಲಿ, ಅದು ಬದಲಾಗದು. ಅಂತರಜಾಲದಲ್ಲಿ ಪ್ರತಿ ಕೇಳುಗನಿಗೂ ಪ್ರತ್ಯೇಕ ಧಾರೆ ಹರಿಯಬೇಕು. 128 ಕಿಲೋಬಿಟ್ ವೇಗದಲ್ಲಿ ಒಬ್ಬ ಕೇಳುಗನಿಗೆ ಗಂಟೆಗೆ ಸುಮಾರು 57 ಮೆಗಾಬೈಟ್ ಬೇಕು. ಸಾವಿರ ಮಂದಿಗೆ ಸುಮಾರು 57 ಗಿಗಾಬೈಟ್.

ಹಾಡಿಗೊಂದು ಶುಲ್ಕ

ಇದಕ್ಕಿಂತ ಭಾರಿ ಹೊಡೆತ ಬಿದ್ದುದು 2002ರ ಜೂನ್‌ನಲ್ಲಿ. ಧ್ವನಿಮುದ್ರಣಗಳ ರಾಯಲ್ಟಿಯಾಗಿ ಪ್ರತಿ ಹಾಡಿಗೆ, ಪ್ರತಿ ಕೇಳುಗನಿಗೆ 0.07 ಸೆಂಟ್ ದರವನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಮುಖ್ಯಸ್ಥರು ನಿಗದಿಪಡಿಸಿದರು. ಮೇಲ್ನೋಟಕ್ಕೆ ಇದು ಕ್ಷುಲ್ಲಕ ಮೊತ್ತ. ಆದರೆ ಗಂಟೆಗೆ 15 ಹಾಡುಗಳಂತೆ ಹಗಲಿರುಳೂ ಸರಾಸರಿ ಸಾವಿರ ಮಂದಿ ಕೇಳಿದರೆ ದಿನಕ್ಕೆ 3,60,000 ಎಣಿಕೆಗಳಾಗಿ 252 ಡಾಲರ್ ತೆರಬೇಕು. ವರ್ಷಕ್ಕೆ 91,980 ಡಾಲರ್. ಸಾಲದೆಂಬಂತೆ ಇದು 1998ರ ಅಕ್ಟೋಬರ್‌ನಿಂದ ಪೂರ್ವಾನ್ವಯ! ಗೋಪುರದಿಂದ ಪ್ರಸಾರ ಮಾಡುವ ಅಲ್ಲಿನ ದೊಡ್ಡ ಕೇಂದ್ರಗಳಿಗಾದರೋ ಈ ಬಾಬಿನ ಹೊರೆಯೇ ಇಲ್ಲ.

ಸೋಮಾ ಎಫ್‌ಎಂ ಆ ತಿಂಗಳೇ ಪ್ರಸಾರವನ್ನು ನಿಲ್ಲಿಸಿತು.

ಅದೇ ವರ್ಷ ಸಣ್ಣ ಪ್ರಸಾರಕರಿಗಾಗಿ ಪ್ರತ್ಯೇಕ ಕಾಯ್ದೆ ಬಂದಿತು. ಅದರ ಅಡಿಯ ಒಪ್ಪಂದದಂತೆ 2003 ಮತ್ತು 2004ಕ್ಕೆ ಮೊದಲ ಎರಡೂವರೆ ಲಕ್ಷ ಡಾಲರ್ ಆದಾಯದ ಮೇಲೆ ಶೇ. 10, ಮೀರಿದುದಕ್ಕೆ ಶೇ. 12, ಇಲ್ಲವೇ ವೆಚ್ಚದ ಶೇ. 7, ಇವುಗಳಲ್ಲಿ ಹೆಚ್ಚಿನದನ್ನು ಕೊಟ್ಟರಾಯಿತು. ವರ್ಷಾಂತ್ಯದ ಹೊತ್ತಿಗೆ ಕೇಂದ್ರ ಮತ್ತೆ ದನಿಯೆತ್ತಿತು. 2007ರಲ್ಲಿ ಅದೇ ವಿವಾದ ಮರುಕಳಿಸಿ, ಜೂನ್ 26ರಂದು ಅಮೆರಿಕದ ಅನೇಕ ಅಂತರಜಾಲ ಕೇಂದ್ರಗಳು ಮೌನ ದಿನ ಆಚರಿಸಿದವು. ಸಣ್ಣವರಿಗೆ ಮತ್ತೆ ದೊರೆತ ರಿಯಾಯಿತಿ 2015ರ ಅಂತ್ಯಕ್ಕೆ ಮುಗಿದರೂ, ಸೋಮಾ ಎಫ್‌ಎಂ ಮುಂದುವರಿದಿದೆ.

ಬೆಂಗಳೂರಿನ ನಿದರ್ಶನ

ಶುಲ್ಕಕ್ಕೂ ಗಳಿಕೆಗೂ ತಾಳೆಯಿಲ್ಲದಿದ್ದರೆ ಏನಾಗುವುದೆಂಬುದಕ್ಕೆ ಭಾರತದಲ್ಲೂ ಸಾಕ್ಷ್ಯವಿದೆ. ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ 2001ರ ಜುಲೈನಲ್ಲಿ ಬೆಂಗಳೂರಿನಲ್ಲಿ ಆರಂಭವಾದಾಗ, ಪರವಾನಗಿ ಶುಲ್ಕ ಹರಾಜಿನಲ್ಲಿ ನಿಗದಿಯಾಗಿ ವರ್ಷಕ್ಕೆ ಶೇ. 15ರಂತೆ ಏರುತ್ತಿತ್ತು. ಆದಾಯ ಆ ವೇಗದಲ್ಲಿ ಏರಲಿಲ್ಲ. ಕೊನೆಗೆ 2005ರ ನೀತಿಯು ವಾರ್ಷಿಕ ಶುಲ್ಕವನ್ನು ಒಟ್ಟು ಆದಾಯದ ಶೇ. 4ಕ್ಕೆ ಹೊಂದಿಸಿತು.

ಉದ್ಯಮಿಗಳು ಗಮನಿಸಬೇಕಾದುದು

ಒಪ್ಪಂದಕ್ಕೆ ಸಹಿ ಹಾಕುವಾಗ ದರವನ್ನಷ್ಟೇ ನೋಡದೆ, ಅದು ಯಾವುದರ ಮೇಲಿನ ದರ ಎಂಬುದನ್ನು ಪರಿಶೀಲಿಸುವುದು ಅಗತ್ಯ. ಬ್ರಾಂಡಿನ ಹೆಸರಿಗೆ ನಗವೊಂದಕ್ಕೆ ಇಂತಿಷ್ಟು ಎಂದು ಒಪ್ಪಿದ ತಯಾರಕನು ಮಾಲನ್ನು ಅರ್ಧ ಬೆಲೆಗೆ ಮಾರಿದಾಗಲೂ ಅಷ್ಟನ್ನೇ ತೆರಬೇಕು. ಮಾರಾಟದ ಮೊತ್ತದ ಶೇಕಡಾವಾರು ಎಂದಿದ್ದರೆ ಹೊರೆಯೂ ಇಳಿಯುತ್ತದೆ. ಆದರೆ ಗಳಿಕೆ ಏರಿದಾಗ ಪಾಲೂ ಏರುತ್ತದೆ, ಲೆಕ್ಕಪತ್ರಗಳೂ ಚೊಕ್ಕವಾಗಿರಬೇಕು. ನಷ್ಟದ ವರ್ಷದಲ್ಲಿ ಬಾಗಿಲು ಮುಚ್ಚುವುದಕ್ಕಿಂತ ಲಾಭದ ವರ್ಷದಲ್ಲಿ ತುಸು ಹೆಚ್ಚು ಕೊಡುವುದೇ ಲೇಸು.