ಜೀನಿನ ಅಗಲ ಹೇಳುವುದು ಕುದುರೆಯ ಬೆನ್ನು

ಸವಾರಿ ಕಲಿತು, ಸ್ವಂತಕ್ಕೊಂದು ಕುದುರೆ ಇಟ್ಟುಕೊಂಡು, ಜೀನು ಕೊಳ್ಳಲು ಹೊರಟವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘17 ಇಂಚು ತಗೊಳ್ಳಲಾ, 17.5 ತಗೊಳ್ಳಲಾ?’ ಅದು ಸವಾರ ಕೂರುವ ಜಾಗದ ಉದ್ದ. ಸವಾರನ ತೊಡೆಗೆ, ಸೊಂಟಕ್ಕೆ ಸಂಬಂಧಪಟ್ಟದ್ದು. ಕುದುರೆಗೆ ಹಿತವೋ ಹಿಂಸೆಯೋ ಎಂಬುದನ್ನು ಮೊದಲು ತೀರ್ಮಾನಿಸುವ ಅಳತೆ ಬೇರೆಯದು. ಜೀನಿನ ಮುಂಭಾಗ ಕುದುರೆಯ ಹೆಗಲ ದಿಬ್ಬದ ಎರಡೂ ಬದಿಗೆ ಕಾಲು ಇಳಿಬಿಟ್ಟು ಕೂರುತ್ತದಲ್ಲ, ಆ ಕಮಾನಿನ ಅಗಲ. ಅದರ ವಿಚಾರ ಕೇಳುವವರು ಕಡಿಮೆ.

ಬೆಂಗಳೂರಿನ ಹೊರಗಿನ ಒಂದು ಸವಾರಿ ಶಾಲೆಯಲ್ಲಿ ಜೀನು, ಲಗಾಮು, ರಿಕಾಪುಗಳ ಕೋಣೆ ನೋಡಿಕೊಳ್ಳುವವಳು ನಾನು. ಬೆಳೆದದ್ದು ಮಂಡ್ಯ ಕಡೆಯ ಒಕ್ಕಲು ಮನೆಯಲ್ಲಿ. ನೊಗ ಸರಿಯಿಲ್ಲದ ಎತ್ತಿನ ಹೆಗಲು ಬಾತು, ತೊಗಲು ದಡ್ಡುಗಟ್ಟಿ, ಕೊನೆಗೆ ಹುಣ್ಣಾಗುವುದನ್ನು ಚಿಕ್ಕಂದಿನಿಂದ ಕಂಡಿದ್ದೇನೆ. ಉಳುಮೆ ಮುಗಿಸಿ ಬಂದ ಅಪ್ಪ ನೊಗ ಇಳಿಸಿದ ತಕ್ಷಣ ಎತ್ತಿನ ಹೆಗಲ ಮೇಲೆ ಅಂಗೈ ಆಡಿಸುತ್ತಿದ್ದ. ಲಾಯದಲ್ಲಿ ನಾನು ಮಾಡುವುದೂ ಅದನ್ನೇ. ಆದರೆ ಎತ್ತಿನ ಹುಣ್ಣು ಬೇಗ ಕಣ್ಣಿಗೆ ಬೀಳುತ್ತದೆ. ಕುದುರೆಯ ನೋವು ಬಹುಕಾಲ ಸ್ನಾಯುವಿನ ಒಳಗೇ ಉಳಿದುಬಿಡುತ್ತದೆ. ಹೆಗಲ ಬದಿಯಲ್ಲಿ ರೂಪಾಯಿ ಅಗಲದ ಬಿಳಿ ಕೂದಲಿನ ಮಚ್ಚೆ ಕಂಡರೆ ಹುಟ್ಟುಗುರುತು ಅಂದುಕೊಳ್ಳುವವರಿದ್ದಾರೆ. ಜೀನು ಕೂರುವ ಜಾಗದಲ್ಲೇ ಅಂಥದ್ದು ಇದ್ದರೆ ನಾನು ಮೊದಲು ಅನುಮಾನಿಸುವುದು ಜೀನನ್ನು. ಒತ್ತಡಕ್ಕೆ ಸಿಕ್ಕಿ ಕೂದಲಿಗೆ ಬಣ್ಣ ಕೊಡುವ ಜೀವಕೋಶಗಳು ಸತ್ತರೆ ಅಲ್ಲಿ ಮತ್ತೆ ಹುಟ್ಟುವುದು ಬಿಳಿ ಕೂದಲು.

ಮುಂಭಾಗದ ಅಗಲಕ್ಕೇ ಯಾಕೆ ಇಷ್ಟು ಮಹತ್ವ ಎನ್ನುವುದಕ್ಕೆ ಕುದುರೆಯ ಮೈಕಟ್ಟು ನೋಡಬೇಕು. ಮನುಷ್ಯನಿಗಿರುವ ಕೊರಳೆಲುಬು ಕುದುರೆಗಿಲ್ಲ. ಅದರ ಮುಂಗಾಲು ಎದೆಗೂಡಿಗೆ ಕೀಲಿನಿಂದ ಸೇರಿಲ್ಲ. ಬರೀ ಸ್ನಾಯುಗಳ ಬಿಗಿತದಲ್ಲಿ ನಿಂತಿದೆ. ಹಾಗಾಗಿ ಕಾಲು ಮುಂದಕ್ಕೆ ಚಾಚಿದಾಗಲೆಲ್ಲ ಭುಜದ ಎಲುಬಿನ ಮೇಲ್ತುದಿ ಹಿಂದಕ್ಕೆ, ಜೀನಿನ ಕಡೆಗೆ ಸರಿಯುತ್ತದೆ. ಆ ತುದಿಯಲ್ಲಿರುವುದು ಗಟ್ಟಿ ಮೂಳೆಯೂ ಅಲ್ಲ, ಮೃದ್ವಸ್ಥಿ. ಕಮಾನು ಕಿರಿದಾಗಿದ್ದರೆ ಪ್ರತಿ ಹೆಜ್ಜೆಗೂ ಅಲ್ಲಿ ತಡೆ. ಕುದುರೆ ಪಾಪ ಏನು ಮಾಡೀತು, ಹೆಜ್ಜೆಯನ್ನೇ ಗಿಡ್ಡ ಮಾಡಿಕೊಳ್ಳುತ್ತದೆ. ಕೂತವರು ಅದಕ್ಕೆ ‘ಸೋಮಾರಿ’ ಎಂದು ಹೆಸರಿಡುತ್ತಾರೆ.

ಜೀನಿನ ಒಳಗೊಂದು ಚೌಕಟ್ಟು ಇರುತ್ತದೆ, ಅದನ್ನು ಟ್ರೀ ಅನ್ನುತ್ತಾರೆ. ಹಳೆಯ ಚರ್ಮದ ಜೀನುಗಳಲ್ಲಿ ಮರ ಮತ್ತು ಉಕ್ಕಿನ ಈ ಚೌಕಟ್ಟಿಗೆ ಒಂದೇ ಅಗಲ. ಕುದುರೆ ಬದಲಾದರೆ ಜೀನೂ ಬದಲಾಗಬೇಕು. ಸೈನ್ಯಗಳಿಗೆ ಇದು ದೊಡ್ಡ ತಲೆನೋವಾಗಿತ್ತು, ಯಾಕೆಂದರೆ ದಂಡಯಾತ್ರೆಯಲ್ಲಿ ಕುದುರೆ ಬಡವಾಗುತ್ತ ಹೋಗುತ್ತದೆ. ಕಂಬಳಿಯ ಮಡಿಕೆ ಹೆಚ್ಚುಕಡಿಮೆ ಮಾಡಿ ಸುಧಾರಿಸಿಕೊಳ್ಳುತ್ತಿದ್ದರು. ಬ್ರಿಟಿಷ್ ಸೇನೆಯ 1912ರ ಮಾದರಿಯ ಜೀನಿನಲ್ಲಿ ಕಮಾನಿಗೂ ಪಕ್ಕದ ಹಲಗೆಗಳಿಗೂ ತಿರುಗಣೆ ಇಟ್ಟು, ಬೆನ್ನಿನ ಓರೆಗೆ ಹಲಗೆ ತಾನೇ ಹೊಂದಿಕೊಳ್ಳುವಂತೆ ಮಾಡಿದರು. ಇಂದಿನ ಹಲವು ಸವಾರಿ ಜೀನುಗಳಲ್ಲಿ ಅದೇ ಕೆಲಸವನ್ನು ಬದಲಾಯಿಸಬಹುದಾದ ಲೋಹದ ಪ್ಲೇಟು ಮಾಡುತ್ತದೆ. ಅದಕ್ಕೆ ಗಲೆಟ್ ಪ್ಲೇಟ್ ಎಂದು ಹೆಸರು. ನಮ್ಮ ಕೋಣೆಯಲ್ಲಿ ಹೆಚ್ಚಾಗಿ ಇರುವುದು ಆಸ್ಟ್ರೇಲಿಯಾದ ವಿಂಟೆಕ್ ಜೀನುಗಳು. ಅವುಗಳ ಪ್ಲೇಟುಗಳಿಗೆ ಬಣ್ಣದ ಗುರುತಿದೆ. ಕಪ್ಪು ಮಧ್ಯಮ, ಹಸಿರು ಅದಕ್ಕಿಂತ ಕಿರಿದು, ಹಳದಿ ಇನ್ನೂ ಕಿರಿದು, ಇತ್ತ ನೀಲಿ, ಕೆಂಪು, ಬಿಳಿ ಒಂದಕ್ಕಿಂತ ಒಂದು ಅಗಲ. ಮುಂಭಾಗದ ಅಡಿಯ ಹೊದಿಕೆ ಬಿಡಿಸಿ, ಸ್ಕ್ರೂ ಕಳಚಿ, ಬೇಕಾದ ಪ್ಲೇಟು ಕೂರಿಸಿ ಮತ್ತೆ ಬಿಗಿ ಮಾಡುವುದು, ಅಷ್ಟೇ. ಆದರೆ ಒಂದು ಕಂಪನಿಯ ‘ಮೀಡಿಯಂ’ ಇನ್ನೊಂದರ ‘ಮೀಡಿಯಂ’ ಅಲ್ಲ. ಎಲ್ಲರೂ ಒಪ್ಪಿದ ಒಂದು ಮಾಪನ ಈ ವ್ಯಾಪಾರದಲ್ಲಿ ಇಲ್ಲ. ‘ನನ್ನ ಕುದುರೆ ಮೀಡಿಯಂ’ ಎಂಬ ಮಾತಿಗೆ ಅದಕ್ಕೇ ನಾನು ಬೆಲೆ ಕೊಡುವುದಿಲ್ಲ.

ಅಳತೆ ತೆಗೆಯಲು ಬೇಕಾದ್ದು ಬಹಳವಿಲ್ಲ. ನಕ್ಷೆ ಬರೆಯುವವರು ಬಳಸುವ ಬಾಗುವ ರಬ್ಬರ್ ಪಟ್ಟಿ, 60 ಸೆಂಟಿಮೀಟರಿನದು, ಒಂದು ರಟ್ಟು, ಸೀಮೆಸುಣ್ಣ. ಕುದುರೆಯನ್ನು ಸಮತಟ್ಟಾದ ನೆಲದ ಮೇಲೆ, ನಾಲ್ಕೂ ಕಾಲಿಗೆ ಸಮ ಭಾರ ಬರುವಂತೆ ನಿಲ್ಲಿಸಬೇಕು. ಭುಜದ ಎಲುಬಿನ ಹಿಂದಂಚನ್ನು ಬೆರಳಿನಿಂದ ಹುಡುಕಿ ಸುಣ್ಣದಲ್ಲಿ ಗುರುತಿಸಿ, ಅಲ್ಲಿಂದ ಎರಡು ಬೆರಳು ಹಿಂದೆ ಪಟ್ಟಿಯನ್ನು ಬೆನ್ನಿಗೆ ಅಡ್ಡಲಾಗಿ ಹಾಕಿ ಎರಡೂ ಕಡೆ ಒತ್ತಬೇಕು. ಆಕಾರ ಕೆಡದಂತೆ ಎತ್ತಿ, ರಟ್ಟಿನ ಮೇಲೆ ಇಟ್ಟು, ಒಳರೇಖೆಯನ್ನು ಬರೆದು ಕತ್ತರಿಸಿದರೆ ಆ ಕುದುರೆಯ ಹೆಗಲು ನಿಮ್ಮ ಕೈಯಲ್ಲಿ. ಕಮಾನಿನ ಕಾಲುಗಳ ಓರೆಯೂ ರಟ್ಟಿನ ಓರೆಯೂ ಒಂದಕ್ಕೊಂದು ಸಮಾನಾಂತರವಾಗಿರಬೇಕು. ತುದಿಯಿಂದ ತುದಿಗೆ ಎಷ್ಟು ಸೆಂಟಿಮೀಟರು ಎಂಬುದಷ್ಟೇ ಮುಖ್ಯ ಅಂದುಕೊಂಡವರು ಅಗಲ ಸರಿ ಮಾಡಿಯೂ ಓರೆ ತಪ್ಪಿಸುತ್ತಾರೆ.

ರಟ್ಟು ಕೊಡುವುದು ಅಂದಾಜು. ತೀರ್ಪು ಬೆನ್ನ ಮೇಲೆ. ಮೊದಲು ಕೆಳಗೆ ಬಟ್ಟೆಯಿಲ್ಲದೆ ಬರೀ ಜೀನು ಇಡಬೇಕು. ಸ್ವಲ್ಪ ಮುಂದಿಟ್ಟು, ತಾನಾಗಿ ನಿಲ್ಲುವವರೆಗೆ ಹಿಂದಕ್ಕೆ ಜಾರಿಸಬೇಕು. ಪಕ್ಕದಿಂದ ನೋಡಿದಾಗ ಕೂರುವ ತಗ್ಗು ನಡುವೆಯೇ ಇರಬೇಕು. ಕಮಾನು ಕಿರಿದಾದರೆ ಮುಂದಿನ ಉಬ್ಬು ಎತ್ತಿಕೊಂಡು, ಹಿಂದಿನದು ಕುಸಿದು, ಸವಾರ ಹಿಂದಕ್ಕೆ ವಾಲುತ್ತಾನೆ. ಅಗಲ ಜಾಸ್ತಿಯಾದರೆ ಮುಂಭಾಗ ಹೆಗಲ ದಿಬ್ಬದ ಮೇಲೇ ಇಳಿದು ಮೂಳೆಗೆ ತಾಗುತ್ತದೆ. ದಿಬ್ಬಕ್ಕೂ ಕಮಾನಿಗೂ ನಡುವೆ ಸವಾರ ಕೂತ ಮೇಲೂ ಎರಡು ಬೆರಳು ತೂರುವಷ್ಟು ಜಾಗ ಇರಬೇಕು. ಹಾಗಂತ ಅಲ್ಲಿ ಜಾಗ ಧಾರಾಳವಾಗಿದ್ದರೆ ಖುಷಿಪಡುವುದೂ ಬೇಡ, ಕಿರಿದಾದ ಜೀನಿನಲ್ಲಿ ಆ ಸಂದು ಇನ್ನೂ ದೊಡ್ಡದಾಗಿ ಕಾಣುತ್ತದೆ. ಸವಾರಿಯ ನಂತರ ಬೆವರಿನ ಗುರುತು ನೋಡಿ ತೀರ್ಮಾನಿಸುವ ಪದ್ಧತಿಯೂ ಇದೆ. ಎಲ್ಲ ಕಡೆ ಒದ್ದೆಯಾಗಿ ಒಂದು ಕಡೆ ಒಣಗಿದ್ದರೆ, ಅಲ್ಲಿ ಒತ್ತಡ ಹೆಚ್ಚಿರಬಹುದು, ಇಲ್ಲವೇ ಜೀನು ತಾಗಿಯೇ ಇಲ್ಲದಿರಬಹುದು. ಬೆವರೊಂದನ್ನೇ ನಂಬುವ ಹಾಗಿಲ್ಲ.

ನಾನು ನಂಬುವುದು ಕೈಯನ್ನು. ನಮ್ಮಲ್ಲಿ ಬಿಜಲಿ ಎಂಬ ಹೆಣ್ಣು ಕುದುರೆ ಇದೆ, ಥರೋಬ್ರೆಡ್. ಈ ತಳಿಯವು ಕುಣಿಗಲ್‌ನಂಥ ಸ್ಟಡ್ ಫಾರ್ಮುಗಳಲ್ಲಿ ಹುಟ್ಟಿ, ರೇಸ್‌ಕೋರ್ಸಿನಲ್ಲಿ ಓಡಿ, ವಯಸ್ಸಾದ ಮೇಲೆ ಸವಾರಿ ಶಾಲೆಗೆ ಬರುವುದುಂಟು. ಬರುವಾಗ ಹೆಗಲ ದಿಬ್ಬ ಎತ್ತರ, ಬದಿಗಳು ಬತ್ತಿದ್ದು. ಬಿಜಲಿಗೂ ಬಂದ ಹೊಸದರಲ್ಲಿ ಹಸಿರು ಪ್ಲೇಟು ಸರಿಯಾಗಿ ಕೂತಿತ್ತು. ಬೇರೆ ಮೇವು, ಬೇರೆ ಕೆಲಸ, ನಿಧಾನದ ನಡಿಗೆ ಶುರುವಾಗಿ ಕೆಲವು ತಿಂಗಳಾದ ಮೇಲೆ ಜೀನು ಕಂಡರೆ ಕಿವಿ ಹಿಂದಕ್ಕೆ ಮಡಿಸತೊಡಗಿತು. ಹೊಟ್ಟೆಪಟ್ಟಿ ಬಿಗಿಯುವ ಹುಡುಗನ ತೋಳಿಗೆ ಬಾಯಿ ಹಾಕಿತು. ‘ತಿಂದು ಕೊಬ್ಬಿದೆ’ ಅಂದರು. ನಾನು ಅಂಗೈ ಚಪ್ಪಟೆ ಮಾಡಿ, ಬೆರಳು ಕೆಳಮುಖವಾಗಿಟ್ಟು, ಜೀನಿನ ಮುಂಭಾಗದ ಅಡಿಗೆ ಮೇಲಿನಿಂದ ಇಳಿಸಿದೆ. ಮೇಲೆ ಸಲೀಸಾಗಿ ಹೋಯಿತು. ಕೆಳಗೆ, ಕಮಾನಿನ ಕಾಲು ಮುಗಿಯುವಲ್ಲಿ, ಬೆರಳಿನ ಗಿಣ್ಣು ನೋಯುವಷ್ಟು ಬಿಗಿ. ಬಿಜಲಿ ತೊಗಲು ನಡುಗಿಸಿತು. ಸರಿಯಾದ ಜೀನಿನಲ್ಲಿ ಮೇಲಿನಿಂದ ಕೆಳಗಿನವರೆಗೂ ಕೈಗೆ ಒಂದೇ ಬಿಗಿ ಸಿಗಬೇಕು. ಕೆಳಗೆ ಹಿಡಿದರೆ ಕಿರಿದು, ಮೇಲೆ ಹಿಡಿದರೆ ಅಗಲ. ಬಂದಾಗ ಕತ್ತರಿಸಿದ್ದ ಹಳೆಯ ರಟ್ಟನ್ನು ತಂದು ಬೆನ್ನಿಗೆ ಹಿಡಿದರೆ ಅದು ಕೂರಲೇ ಇಲ್ಲ. ಎರಡು ತುದಿಗಳ ಮೇಲೆ ನಿಂತಿತು, ದಿಬ್ಬಕ್ಕೂ ಅದಕ್ಕೂ ನಡುವೆ ಬೆಳಕು ಕಾಣುತ್ತಿತ್ತು. ಬಿಜಲಿ ಕೊಬ್ಬಿರಲಿಲ್ಲ, ಬೆನ್ನು ತುಂಬಿಕೊಂಡಿತ್ತು. ಕಪ್ಪು ಪ್ಲೇಟು ಹಾಕಿದೆವು, ಜೀನು ಸಮಕ್ಕೆ ಬಂತು. ಕಿವಿ ಮಡಿಸುವುದು ಮಾತ್ರ ಅಂದೇ ನಿಲ್ಲಲಿಲ್ಲ. ನೋವು ಹೋದರೂ ನೋವಿನ ನೆನಪು ಹೋಗಲು ವಾರಗಳು ಬೇಕಾದವು.

ಇಂಥ ಹೊತ್ತಿನಲ್ಲಿ ಜನ ದಪ್ಪನೆಯ ಪ್ಯಾಡು ತರುತ್ತಾರೆ. ಕಿರಿದಾದ ಕಮಾನಿನ ಕೆಳಗೆ ದಪ್ಪ ತುಂಬಿದರೆ ಬಿಗಿ ಇನ್ನೂ ಹೆಚ್ಚುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು, ಯಾಕೆಂದರೆ ಪ್ಯಾಡು ತರುವವರು ಪ್ರೀತಿಯಿಂದಲೇ ತರುತ್ತಾರೆ. ಪ್ಯಾಡು ನಿಜವಾಗಿ ಉಪಯೋಗಕ್ಕೆ ಬರುವುದು ಇನ್ನೊಂದು ಕಡೆ. ಹೆಗಲ ಹಿಂದಿನ ಸ್ನಾಯು ಬತ್ತಿ ಅಲ್ಲಿ ಕುಳಿ ಬಿದ್ದಿರುವ ಕುದುರೆಗೆ ಕುಳಿಯ ಅಳತೆಗೇ ಜೀನು ಕಿರಿದು ಮಾಡಿದರೆ ಆ ಸ್ನಾಯು ಮತ್ತೆ ಬೆಳೆಯಲು ಜಾಗವೇ ಇರುವುದಿಲ್ಲ. ಆಗ ತುಸು ಅಗಲದ ಪ್ಲೇಟು ಹಾಕಿ, ಮುಂಭಾಗದಲ್ಲಿ ತೆಳು ಪದರಗಳನ್ನು ಕೊಟ್ಟು, ಸ್ನಾಯು ತುಂಬುತ್ತ ಬಂದ ಹಾಗೆ ಒಂದೊಂದೇ ಪದರ ತೆಗೆಯುವುದು ಒಳ್ಳೆಯದು. ಮೂರು ನಾಲ್ಕು ತಿಂಗಳಿಗೊಮ್ಮೆ ಹೊಸ ರಟ್ಟು ಕತ್ತರಿಸಿ, ಹಳೆಯದರ ಮೇಲಿಟ್ಟು ನೋಡಿದರೆ ಬೆನ್ನು ಯಾವ ಕಡೆ ಹೊರಟಿದೆ ಎಂಬುದು ತಿಳಿಯುತ್ತದೆ. ಕಾಯಿಲೆ ಬಿದ್ದು ಎದ್ದ ಕುದುರೆ, ಬಹಳ ದಿನ ರಜೆಯಲ್ಲಿದ್ದ ಕುದುರೆ, ಇನ್ನೂ ಬೆಳೆಯುತ್ತಿರುವ ಕುದುರೆಗೆ ಅಷ್ಟು ದಿನ ಕಾಯುವುದೂ ಬೇಡ.

ಪ್ಲೇಟಿನಿಂದ ಆಗದ ಕೆಲಸಗಳೂ ಇವೆ. ಅದು ಬದಲಿಸುವುದು ಮುಂಭಾಗದ ಅಗಲ ಮಾತ್ರ. ಬೆನ್ನು ನಡುವೆ ತಗ್ಗಿದ್ದು ಜೀನಿನ ಅಡಿ ನೇರವಾಗಿದ್ದರೆ, ಭಾರವೆಲ್ಲ ಮುಂದಕ್ಕೆ ಮತ್ತು ಹಿಂದಕ್ಕೆ ಬಿದ್ದು ನಡುವೆ ಟೊಳ್ಳು ಉಳಿಯುತ್ತದೆ. ಕೈ ಉದ್ದಕ್ಕೂ ಆಡಿಸಿದರೆ ಸಿಕ್ಕಿಬಿಡುತ್ತದೆ. ಚಪ್ಪಟೆ ಬೆನ್ನಿನ ಮೇಲೆ ಬಾಗಿದ ಜೀನಿಟ್ಟರೆ ಅದು ಹಿಂದೆ ಮುಂದೆ ತೂಗಾಡುತ್ತದೆ. ಜೀನು 18ನೆಯ, ಅಂದರೆ ಕಡೆಯ ಪಕ್ಕೆಲುಬನ್ನು ದಾಟಿ ಹಿಂದಕ್ಕೆ ಹೋಗುವಷ್ಟು ಉದ್ದವಿದ್ದರೂ ಯಾವ ಬಣ್ಣದ ಪ್ಲೇಟೂ ಉಳಿಸುವುದಿಲ್ಲ. ಅಂಥ ಜೀನನ್ನು ಬೇರೆ ಕುದುರೆಗೆ ಬಿಟ್ಟುಕೊಡಬೇಕು. ಜೀನಿನ ಕಸುಬಿಗೆ ಹೆಸರಾದ ಕಾನ್ಪುರದಲ್ಲಿ ಮಾಡಿಸುವುದಾದರೂ, ಪರದೇಶದಿಂದ ತರಿಸುವುದಾದರೂ ಮೂರು ರಟ್ಟು ಕತ್ತರಿಸಿ ಕಳಿಸಿ: ಭುಜದ ಹಿಂದಿನ ಅಡ್ಡರೇಖೆ ಒಂದು, ಕಡೆಯ ಪಕ್ಕೆಲುಬಿನ ಬಳಿಯ ಅಡ್ಡರೇಖೆ ಒಂದು, ಹೆಗಲಿನಿಂದ ಸೊಂಟದವರೆಗಿನ ಉದ್ದರೇಖೆ ಒಂದು. ಯಾವುದು ಎಡ, ಯಾವುದು ಬಲ ಎಂದು ಮರೆಯದೆ ಬರೆಯಿರಿ. ಎರಡೂ ಭುಜ ಒಂದೇ ಅಳತೆಯಲ್ಲಿರುವ ಕುದುರೆ ಅಪರೂಪ. ಎರಡರಲ್ಲಿ ದೊಡ್ಡ ಭುಜಕ್ಕೆ ಅಗಲ ಹೊಂದಿಸಿ, ಚಿಕ್ಕ ಭುಜದ ಕಡೆಗೆ ತೆಳು ಪದರ ಕೊಟ್ಟು ಸಮ ಮಾಡುವಂತೆ ಹೇಳಿ.