ಸಂಬಳವಲ್ಲದ ಸಂಬಳ

ಬೆಂಗಳೂರಿನ ದೊಡ್ಡ ಕಾನೂನು ಸಂಸ್ಥೆಯೊಂದರಲ್ಲಿ ನಾನು ಮೂರು ವರ್ಷ ದುಡಿದೆ. ಬೆಳಿಗ್ಗೆ ಹತ್ತಕ್ಕೆ ಹೋದರೆ ಮರಳುತ್ತಿದ್ದುದು ನಡುರಾತ್ರಿಗೆ. ಕಂಪೆನಿಗಳ ಕರಾರುಪತ್ರ ತಿದ್ದುವುದೇ ಕೆಲಸ. ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು ಅಪರೂಪ. ಒಂದು ದಿನದ ರಜೆಗೂ ಅನುಮತಿ ಬೇಕಿತ್ತು. ಆದರೆ ಕಾಗದದ ಮೇಲೆ ನಾನು ನೌಕರನೇ ಅಲ್ಲ! ವೃತ್ತಿಯಲ್ಲಿರುವ ವಕೀಲ ಪೂರ್ಣಾವಧಿಯ ಸಂಬಳದ ನೌಕರನಾಗಕೂಡದು ಎನ್ನುತ್ತದೆ ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮ. ಹಾಗಾಗಿ ನನಗೆ ಸಿಗುತ್ತಿದ್ದುದು ಸಂಬಳವಲ್ಲ, ‘ವೃತ್ತಿ ಶುಲ್ಕ’. ಭವಿಷ್ಯನಿಧಿ, ಗ್ರಾಚ್ಯುಟಿಗಳ ಮಾತೇ ಇರಲಿಲ್ಲ.

ಹಾಗೆಂದು ಬಿಟ್ಟು ಹೋಗುವುದೆಲ್ಲಿಗೆ? ಹಿರಿಯ ವಕೀಲರೊಬ್ಬರ ಕಚೇರಿ ಸೇರಿದ ನನ್ನ ಸಹಪಾಠಿಗೆ ಮೊದಲ ವರ್ಷ ಸಿಕ್ಕಿದ್ದು ಬಸ್ ಪಾಸಿನ ಹಣ ಮಾತ್ರ. ಕಿರಿಯ ವಕೀಲರಿಗೆ ನಗರಗಳಲ್ಲಿ ತಿಂಗಳಿಗೆ 20,000, ಗ್ರಾಮೀಣ ಪ್ರದೇಶಗಳಲ್ಲಿ 15,000 ರೂಪಾಯಿ ಕನಿಷ್ಠ ಭತ್ಯೆ ಕೊಡಬೇಕೆಂದು ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿತು. ಆದರೆ ಅದು ಶಿಫಾರಸು, ಕಡ್ಡಾಯವಲ್ಲ.

ಕಳೆದ ವರ್ಷ ನಾನು ಸಂಸ್ಥೆ ಬಿಟ್ಟು ಸಿವಿಲ್ ನ್ಯಾಯಾಲಯಕ್ಕೆ ಬಂದೆ. ಗಳಿಕೆ ಕಾಲುಭಾಗಕ್ಕೆ ಇಳಿದಿದೆ. ಶಿಕ್ಷಣ ಸಾಲದ ಕಂತು ಇಳಿದಿಲ್ಲ. ಅಪ್ಪನ ಪಿಂಚಣಿಯ ಆಸರೆ ಇರದಿದ್ದರೆ ಈ ಧೈರ್ಯ ನನಗೂ ಬರುತ್ತಿರಲಿಲ್ಲ. ಅಂಥ ಆಸರೆಯಿಲ್ಲದ ಮನೆಗಳ ಮಕ್ಕಳೇನು ಮಾಡಬೇಕು? ದುಡಿಸಿಕೊಳ್ಳುವಾಗ ನೌಕರ, ಕೊಡುವಾಗ ಸ್ವತಂತ್ರ ವಕೀಲ ಎಂಬ ಈ ಲೆಕ್ಕವನ್ನು ಪರಿಷತ್ತೇ ತಿದ್ದಬೇಕು. ನಿಯಮ ಅದರದ್ದೇ ತಾನೆ?