ಅನುಕರಣೆ, ಅನುಮಿತಿ ಮತ್ತು ಗಣಕದೊಳಗಿನ ಪರಮಾಣು

ಇಂಗ್ಲಿಷಿನ ‘ಸಿಮ್ಯುಲೇಶನ್’ ಎಂಬುದಕ್ಕೆ ಕನ್ನಡದಲ್ಲಿ ‘ಅನುಕರಣೆ’ ಎಂಬ ಪದವನ್ನು ಬಳಸುವುದುಂಟು. ಕಾವ್ಯಮೀಮಾಂಸೆಯನ್ನು ಬಲ್ಲವರಿಗೆ ಈ ಪದವು ಶಂಕುಕನ ರಸವಿಚಾರವನ್ನು ನೆನಪಿಗೆ ತರುತ್ತದೆ. ರಸವೆಂದರೆ ಸ್ಥಾಯಿಯ ಅನುಕರಣೆ ಎಂಬ ಅವನ ಮತಕ್ಕೆ ಅಭಿನವಗುಪ್ತನ ಗುರು ಭಟ್ಟತೌತನು ಎತ್ತಿದ ಆಕ್ಷೇಪಗಳಲ್ಲಿ ಒಂದು ಹೀಗಿದೆ: ರಾಮನ ರತಿಯನ್ನು ಯಾರೂ ಕಂಡಿಲ್ಲ, ಕಾಣದುದನ್ನು ಅನುಕರಿಸುವುದೆಂತು? ನ್ಯಾನೋಮೀಟರ್, ಅಂದರೆ ಮೀಟರಿನ ನೂರು ಕೋಟಿಯಲ್ಲೊಂದು ಭಾಗದ ಅಳತೆಯಲ್ಲಿ ಪದಾರ್ಥಗಳನ್ನು ಗಣಕದ ಮೂಲಕ ಅಭ್ಯಸಿಸುವ ವಿಧಾನಕ್ಕೂ ಈ ಆಕ್ಷೇಪ ತಟ್ಟುತ್ತದೆ. ದ್ರವದೊಳಗೆ ಒಂದೊಂದು ಪರಮಾಣುವೂ ಹಿಡಿಯುವ ದಾರಿಯನ್ನು ಕಂಡವರಿಲ್ಲ.

ಹೈದರಾಬಾದಿನಲ್ಲಿ ಜನಿಸಿ ಅಮೆರಿಕದಲ್ಲಿ ಸಂಶೋಧನೆ ನಡೆಸಿದ ಅನೀಸುರ್ ರಹಮಾನ್ (1927–1987) ಅವರು 1964ರಲ್ಲಿ 864 ಆರ್ಗಾನ್ ಪರಮಾಣುಗಳ ದ್ರವವೊಂದನ್ನು ಗಣಕದಲ್ಲಿ ಕಲ್ಪಿಸಿದರು. ಅದನ್ನು ಹಿಡಿದಿಟ್ಟ ಘನದ ಬದಿ ಸುಮಾರು 3.5 ನ್ಯಾನೋಮೀಟರ್ ಮಾತ್ರ. ಎರಡೆರಡು ಪರಮಾಣುಗಳ ನಡುವಿನ ಬಲಕ್ಕೆ ಒಂದು ಸೂತ್ರವನ್ನು ಅಂಗೀಕರಿಸಿ, ನ್ಯೂಟನ್ನನ ಚಲನನಿಯಮದಂತೆ ಪ್ರತಿಯೊಂದರ ಸ್ಥಾನವನ್ನೂ ಸೆಕೆಂಡಿನ ನೂರು ಲಕ್ಷ ಕೋಟಿಯಲ್ಲೊಂದು ಭಾಗಕ್ಕೊಮ್ಮೆ ಲೆಕ್ಕಹಾಕಲಾಯಿತು. ಘನದ ಒಂದು ಮುಖದಿಂದ ಹೊರಬಿದ್ದ ಪರಮಾಣುವನ್ನು ಎದುರುಮುಖದಿಂದ ಒಳಸೇರಿಸುವ ಉಪಾಯದಿಂದ ಮೇಲ್ಮೈಯೇ ಇಲ್ಲದಂತಾಯಿತು. ಪರಮಾಣುಗಳ ಹರಡುವಿಕೆಯ ವೇಗ ಪ್ರಯೋಗದ ಅಳತೆಯೊಡನೆ ಚೆನ್ನಾಗಿ ಹೊಂದಿತು.

ಇಲ್ಲಿ ನಡೆದಿರುವುದು ಕಲ್ಪಿತ ನಿಯಮವೊಂದರಿಂದ ಫಲವನ್ನು ಊಹಿಸಿ, ಆ ಫಲವನ್ನು ಪ್ರಯೋಗದೊಡನೆ ಒರೆಹಚ್ಚುವ ಕಾರ್ಯ. ಶಂಕುಕನ ವಾದದಲ್ಲಿಯೇ ಬರುವ ‘ಅನುಮಿತಿ’ ಎಂಬ ಪದ ಇದಕ್ಕೆ ಹೆಚ್ಚು ಸಮೀಪದ್ದು. ಪಾರಿಭಾಷಿಕ ಪದಕೋಶಗಳು ಇದನ್ನು ಪರಿಶೀಲಿಸಬಹುದು.

ನ್ಯಾನೋ ಕಣಗಳಿಗೆ ಬಂದಾಗ ರಹಮಾನರ ಉಪಾಯ ಸಾಲದು. ಚಿನ್ನದ ಗಟ್ಟಿ 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಕೆಲವೇ ನ್ಯಾನೋಮೀಟರ್ ಅಗಲದ ಕಣಗಳು ಅದಕ್ಕಿಂತ ನೂರಾರು ಡಿಗ್ರಿ ಕೆಳಗೇ ಕರಗುವುದನ್ನು ಬುಫಾ ಮತ್ತು ಬೊರೆಲ್ 1976ರಲ್ಲಿ ಅಳೆದು ತೋರಿಸಿದರು. ಇದಕ್ಕೆ ಕಾರಣ ಮೇಲ್ಮೈ: ಅಲ್ಲಿನ ಪರಮಾಣುಗಳಿಗೆ ನೆರೆಯವು ಕಡಿಮೆ, ಬಂಧ ಸಡಿಲ. ಆದ್ದರಿಂದ ಮರೆಸಿದ್ದ ಮೇಲ್ಮೈಯನ್ನು ಗಣನೆಗೆ ಮರಳಿ ತರಬೇಕು. ಬಲದ ಸೂತ್ರವೂ ಬದಲಾಗಬೇಕು. ಲೋಹಗಳಲ್ಲಿ ಪರಮಾಣುವಿನ ಶಕ್ತಿ ಅದರ ಸುತ್ತಣ ಎಲೆಕ್ಟ್ರಾನ್ ಸಾಂದ್ರತೆಯನ್ನೂ ಅವಲಂಬಿಸುತ್ತದೆಂಬ ಸೂತ್ರವನ್ನು ಡಾ ಮತ್ತು ಬಾಸ್ಕೆಸ್ 1983–84ರಲ್ಲಿ ಮಂಡಿಸಿದರು. ಪದದ ಅರ್ಥವನ್ನು ಸಂದರ್ಭದಿಂದ ನಿರ್ಣಯಿಸುವವರಿಗೆ ಇದು ಅಪರಿಚಿತ ವಿಚಾರವೇನಲ್ಲ.

ಆದರೆ ಅಂಗೀಕರಿಸಿದ ಸೂತ್ರ ಅಸಮರ್ಪಕವಾಗಿದ್ದರೂ ಗಣಕ ತಡವರಿಸುವುದಿಲ್ಲ. ಅದೇ ಅಚ್ಚುಕಟ್ಟಿನಿಂದ ಅಂಕಿಗಳನ್ನು ಕೊಡುತ್ತದೆ. ಆರ್ಗಾನಿಗೆ ಒಪ್ಪಿದ ಸೂತ್ರವನ್ನು ಚಿನ್ನಕ್ಕೆ ಹೊಂದಿಸಿದರೂ ಕಣ ಪರದೆಯ ಮೇಲೆ ಕರಗುತ್ತದೆ. ಅದು ಚಿನ್ನದ ಕರಗುವಿಕೆ ಹೌದೇ ಎಂಬುದನ್ನು ಪ್ರಯೋಗಶಾಲೆಯ ಅಳತೆಯೇ ಹೇಳಬೇಕು.